ನಾಟಕ ಓದಲು ಹೊರಡುವ ಮುನ್ನ: ಖರ್ಚನ್ನೂ ಫಲವನ್ನೂ ತೂಗಿ ನೋಡುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂದಷ್ಟು ಮನೆಗಳಲ್ಲಿ ಪ್ರತಿ ವರ್ಷವೂ ಒಂದು ಮಾತು ಏಳುತ್ತದೆ. ಮಗನೋ ಮಗಳೋ ನಾಟಕವನ್ನೇ ಓದುತ್ತೇನೆಂದು ಪಟ್ಟು ಹಿಡಿಯುತ್ತಾರೆ. ಅದರಿಂದ ಹೊಟ್ಟೆ ತುಂಬುವುದುಂಟೇ ಎಂದು ಹಿರಿಯರು ಕೇಳುತ್ತಾರೆ. ನಾಟಕ ನಮ್ಮ ಶಿವಮೊಗ್ಗ ಜಿಲ್ಲೆಗೆ ಹೊಸತಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ, 1980ರಲ್ಲಿ ಅಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಲು ಹೊರಟ ಅದರ ತಿರುಗಾಟ ತಂಡ, ಶಿವಮೊಗ್ಗದ ಸರ್ಕಾರಿ ರಂಗಸಂಸ್ಥೆ ರಂಗಾಯಣ, ತುಮರಿಯ ಕಿನ್ನರ ಮೇಳ ಎಲ್ಲವೂ ಕಣ್ಣೆದುರಿಗೇ ಇವೆ. ಆದರೂ ಮನೆಯೊಳಗಿನ ಚರ್ಚೆ ಮಾತ್ರ ಒಂದು ಕಡೆ ಬರೀ ಉತ್ಸಾಹದಿಂದ, ಇನ್ನೊಂದು ಕಡೆ ಬರೀ ಅಂಜಿಕೆಯಿಂದ ನಡೆದು, ಯಾರ ಕೈಯಲ್ಲೂ ಒಂದು ಲೆಕ್ಕದ ಹಾಳೆಯಿಲ್ಲದೆ ಮುಗಿದುಹೋಗುತ್ತದೆ. ಆ ಹಾಳೆಯನ್ನು ಹೇಗೆ ಬರೆಯಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಾಟಕದ ಕೋರ್ಸಿಗೆ ಹಣ ಕೊಡುವವರು ಒಂದಲ್ಲ, ಎರಡು ಸರಕನ್ನು ಕೊಳ್ಳುತ್ತಾರೆ: ಒಂದು ಪ್ರಮಾಣಪತ್ರ, ಇನ್ನೊಂದು ತರಬೇತಿ. ಇವೆರಡೂ ಒಂದೇ ಅಂಗಡಿಯಲ್ಲಿ ಒಂದೇ ಗುಣಮಟ್ಟದಲ್ಲಿ ಸಿಗುವುದು ಅಪರೂಪ. ವಿಶ್ವವಿದ್ಯಾಲಯದ ಪದವಿಗೆ ಸರ್ಕಾರಿ ಕಚೇರಿಯಲ್ಲಿ, ನೇಮಕಾತಿ ಅರ್ಜಿಯಲ್ಲಿ, ಮುಂದಿನ ಓದಿನಲ್ಲಿ ಬೆಲೆಯಿದೆ. ತಾಲೀಮಿನ ಅಂಗಳದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ವಸತಿಸಹಿತ ರಂಗಶಾಲೆಯ ಒಂದು ವರ್ಷದ ಡಿಪ್ಲೊಮಾಕ್ಕೆ ರಂಗತಂಡಗಳಲ್ಲಿ ಮರ್ಯಾದೆಯಿದೆ. ಪದವಿ ಕೇಳುವ ಅರ್ಜಿಯಲ್ಲಿ ಅದನ್ನು ತುಂಬಲು ಅಂಕಣವೇ ಇರುವುದಿಲ್ಲ. ಕೋರ್ಸುಗಳನ್ನು ಹೋಲಿಸುವಾಗ ಆಗುವ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡನ್ನು ಬೇರೆ ಬೇರೆಯಾಗಿ ನೋಡದಿರುವುದರಿಂದಲೇ ಹುಟ್ಟುತ್ತವೆ.

ಯಾವ ಯಾವ ದಾರಿಗಳಿವೆ

ಮಲೆನಾಡಿನ ವಿದ್ಯಾರ್ಥಿಯೊಬ್ಬರಿಗೆ ಕೈಗೆಟುಕುವ ದಾರಿಗಳನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು ಒಂದು ವರ್ಷದ, ಹೆಚ್ಚಾಗಿ ವಸತಿಸಹಿತವಾದ ಡಿಪ್ಲೊಮಾ ಅಥವಾ ಅಂಥದೇ ತರಬೇತಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಮೈಸೂರು ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ, ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇವೆಲ್ಲ ಈ ಬಗೆಯವು. ಹೆಗ್ಗೋಡು ಮತ್ತು ಸಾಣೇಹಳ್ಳಿಯಲ್ಲಿ ಕಲಿಕೆ ಕನ್ನಡದಲ್ಲಿ ನಡೆಯುತ್ತದೆ, ಮತ್ತು ಎರಡೂ ಕಡೆ ಕಲಿತವರನ್ನು ಮುಂದೆ ಕರೆದುಕೊಳ್ಳಬಲ್ಲ ಸಂಚಾರಿ ತಂಡಗಳಿವೆ: ಒಂದು ಕಡೆ ತಿರುಗಾಟ, ಇನ್ನೊಂದು ಕಡೆ 1997ರಲ್ಲಿ ಆರಂಭವಾದ ಶಿವಸಂಚಾರ. ಇದು ಸಣ್ಣ ಸಂಗತಿಯಲ್ಲ. ಕಲಿತ ಮರುವರ್ಷವೇ ಸಂಬಳದ ಮೇಲೆ ರಂಗದ ಮೇಲೇರುವ ಅವಕಾಶ ಸಂಸ್ಥೆಯೊಳಗೇ ಇರುವುದು ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಕಾಣಸಿಗುವುದಿಲ್ಲ.

ಎರಡನೆಯದು ವಿಶ್ವವಿದ್ಯಾಲಯದ ಪದವಿ ಮತ್ತು ಸ್ನಾತಕೋತ್ತರ ಪದವಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಪ್ರದರ್ಶನ ಕಲೆಗಳ ವಿಭಾಗದಲ್ಲಿ ನಾಟಕದ ಎಂ.ಪಿ.ಎ. (ಪ್ರದರ್ಶನ ಕಲೆಗಳ ಸ್ನಾತಕೋತ್ತರ ಪದವಿ) ಇದೆ, ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಲ್ಲೂ ನಾಟಕದ ಕೋರ್ಸುಗಳಿವೆ. ರಾಜ್ಯದ ಹೊರಗೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಪುದುಚೇರಿ ವಿಶ್ವವಿದ್ಯಾಲಯ, ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿದ ತ್ರಿಶೂರಿನ ನಾಟಕ ಶಾಲೆ ಹೆಸರು ಮಾಡಿವೆ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ರಂಗ ಅಧ್ಯಯನವನ್ನು ಇಂಗ್ಲಿಷ್, ಮನಶ್ಶಾಸ್ತ್ರದಂಥ ವಿಷಯಗಳ ಜೊತೆ ಸೇರಿಸಿ ಬಿ.ಎ. ಕೊಡುತ್ತವೆ. ಶುಲ್ಕದ ದೊಡ್ಡ ಅಂತರ ಕಾಣುವುದು ಇಲ್ಲಿಯೇ.

ಮೂರನೆಯದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ಆರಂಭವಾಗಿ 1975ರಲ್ಲಿ ಸ್ವಾಯತ್ತವಾದ ಈ ಸಂಸ್ಥೆಯ ಮೂರು ವರ್ಷದ ಡಿಪ್ಲೊಮಾಕ್ಕೆ ಸೇರಲು ಪದವಿ ಮುಗಿದಿರಬೇಕು, ಕೆಲವು ನಾಟಕಗಳಲ್ಲಿ ಭಾಗವಹಿಸಿದ ಅನುಭವ ಇರಬೇಕು, ಹಿಂದಿ ಮತ್ತು ಇಂಗ್ಲಿಷಿನಲ್ಲಿ ವ್ಯವಹರಿಸಲು ಬರಬೇಕು. ವಿದ್ಯಾರ್ಥಿಗಳಿಗೆ ತಿಂಗಳ ವಿದ್ಯಾರ್ಥಿವೇತನ ಸಿಗುವುದರಿಂದ ಹಣದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಮೂರು ವರ್ಷ ಬೇರೆಲ್ಲೂ ಇಲ್ಲ; ಆದರೆ ಇಡೀ ದೇಶದಿಂದ ಕೆಲವೇ ಕೆಲವರು ಆಯ್ಕೆಯಾಗುತ್ತಾರೆ. ಇದನ್ನು ಯೋಜನೆಯ ಬುಡವಾಗಿ ಇಟ್ಟುಕೊಳ್ಳಬಾರದು, ಅದೃಷ್ಟ ಒಲಿದರೆ ಹತ್ತುವ ಮೇಲಿನ ಮೆಟ್ಟಿಲಾಗಿ ಇಟ್ಟುಕೊಳ್ಳಬೇಕು.

ಯಕ್ಷಗಾನವನ್ನು ಈ ಪಟ್ಟಿಯಿಂದ ಹೊರಗಿಡುವ ರೂಢಿಯಿದೆ. ನನಗದು ಸರಿಯೆನಿಸುವುದಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರವಾಗಲಿ, ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಕಟ್ಟಿದ ರಂಗಶಿಕ್ಷಣ ಕೇಂದ್ರವಾಗಲಿ ಕೊಡುವ ಶಿಸ್ತಿನ ಬೆನ್ನಿಗೆ, ದೀಪಾವಳಿಯ ಹೊತ್ತಿಗೆ ಹೊರಟು ಮಳೆಗಾಲದ ಮುನ್ನ ಗೆಜ್ಜೆ ಬಿಚ್ಚುವ ವೃತ್ತಿಮೇಳಗಳ ಸಂಬಳದ ವ್ಯವಸ್ಥೆಯಿದೆ. ಇಡೀ ರಾತ್ರಿ ಜನ ಕೂತು ನೋಡುವ, ಕಲಾವಿದನಿಗೆ ಹಂಗಾಮಿನ ಸಂಬಳ ಗೊತ್ತುಮಾಡುವ ಇಂಥ ವ್ಯವಸ್ಥೆ ಆಧುನಿಕ ರಂಗಭೂಮಿಗೆ ಇನ್ನೂ ದಕ್ಕಿಲ್ಲ.

ಖರ್ಚಿನ ಹಾಳೆ

ಅಡಿಕೆ ತೋಟ ಕೊಳ್ಳುವವರು ಎಕರೆಯ ಬೆಲೆಯನ್ನಷ್ಟೇ ಕೇಳಿ ಬರುವುದಿಲ್ಲ. ನೀರು, ದಾರಿ, ಕೊಳೆರೋಗ, ಫಸಲು ಎಲ್ಲವನ್ನೂ ವಿಚಾರಿಸುತ್ತಾರೆ. ಕೋರ್ಸಿನ ವಿಷಯದಲ್ಲಿ ಮಾತ್ರ ವಾರ್ಷಿಕ ಶುಲ್ಕವೆಂಬ ಒಂದೇ ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬರುತ್ತೇವೆ. ಹಾಳೆಯಲ್ಲಿ ಕನಿಷ್ಠ ನಾಲ್ಕು ಬಾಬ್ತುಗಳು ಇರಬೇಕು: ಸಂಸ್ಥೆಗೆ ಕಟ್ಟುವ ಎಲ್ಲ ಹಣ, ಊಟ ಮತ್ತು ವಸತಿ, ಓಡಾಟ ಮತ್ತು ನಾಟಕದ ಕೈಖರ್ಚು, ಕೊನೆಯದಾಗಿ ಓದುವ ಅವಧಿಯಲ್ಲಿ ಕೈಬಿಟ್ಟ ದುಡಿಮೆ.

ಸಂಸ್ಥೆಗೆ ಕಟ್ಟುವ ಹಣದಲ್ಲಿ ಬೋಧನಾ ಶುಲ್ಕ ಒಂದು ಭಾಗ ಮಾತ್ರ. ಪ್ರವೇಶ, ನೋಂದಣಿ, ಪರೀಕ್ಷೆ, ಪ್ರಯೋಗಾಲಯ ಅಥವಾ ನಿರ್ಮಾಣ ಶುಲ್ಕ, ವಾಪಸು ಬರಬಹುದಾದ ಠೇವಣಿ, ವೇಷಭೂಷಣದ ವೆಚ್ಚ ಇವನ್ನು ಬೇರೆ ಬೇರೆ ಪುಟಗಳಲ್ಲಿ ಹಂಚಿಟ್ಟಿರುತ್ತಾರೆ. ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಈ ಸಂಸ್ಥೆಗೆ ಒಟ್ಟು ಎಷ್ಟು ಕಟ್ಟಿದ? ಎರಡನೆಯ ಮತ್ತು ಮೂರನೆಯ ವರ್ಷಕ್ಕೆ ಶುಲ್ಕ ಏರುತ್ತದೆಯೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು. ನಮ್ಮ ಕಡೆಯವರು ವಿಶೇಷವಾಗಿ ಕೇಳಬೇಕಾದದ್ದು ಕಂತುಗಳ ಬಗ್ಗೆ. ಶುಲ್ಕ ಕಟ್ಟುವ ದಿನ ಬರುವುದು ಜೂನ್–ಜುಲೈ ತಿಂಗಳಲ್ಲಿ. ಅಡಿಕೆ ಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ಹಣ ಕೈಸೇರುವುದು ಚಳಿಗಾಲದ ಕೊನೆಗೆ. ನಡುವಿನ ಏಳೆಂಟು ತಿಂಗಳಿಗೆ ಮಂಡಿಯಲ್ಲೋ ಸಹಕಾರ ಸಂಘದಲ್ಲೋ ಮುಂಗಡ ತಂದರೆ ಅದರ ಬಡ್ಡಿಯೂ ಕೋರ್ಸಿನ ಖರ್ಚೇ.

ಈಗ ಒಂದು ಮಾದರಿ ಲೆಕ್ಕ. ಇದರಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ನಾನೇ ಹಾಕಿಕೊಂಡವು, ಯಾವ ಸಂಸ್ಥೆಯ ಶುಲ್ಕವೂ ಅಲ್ಲ. ನೀವು ವಿಚಾರಿಸಿ ತಂದ ಅಂಕಿಗಳನ್ನು ಇವುಗಳ ಜಾಗದಲ್ಲಿ ತುಂಬಬೇಕು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ವರ್ಷಕ್ಕೆ 1,50,000 ರೂಪಾಯಿ ಶುಲ್ಕ, ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿ ಮತ್ತು ಊಟಕ್ಕೆ ಹತ್ತು ತಿಂಗಳಿಗೆ 90,000, ಓಡಾಟ ಮತ್ತು ಕೈಖರ್ಚಿಗೆ 30,000 ಎಂದಿಟ್ಟುಕೊಂಡರೆ ವರ್ಷಕ್ಕೆ 2,70,000, ಮೂರು ವರ್ಷಕ್ಕೆ 8,10,000 ರೂಪಾಯಿ ಆಗುತ್ತದೆ. ಇನ್ನೊಂದು ದಾರಿಯಲ್ಲಿ ಮನೆಯಿಂದಲೇ ಓಡಾಡುತ್ತ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ಸಾಮಾನ್ಯ ಪದವಿ ಓದಲು ವರ್ಷಕ್ಕೆ ಎಲ್ಲ ಸೇರಿ 25,000, ಆಮೇಲೆ ಒಂದು ವರ್ಷದ ವಸತಿಸಹಿತ ಡಿಪ್ಲೊಮಾಕ್ಕೆ 60,000 ಎಂದಿಟ್ಟುಕೊಂಡರೆ ನಾಲ್ಕು ವರ್ಷಕ್ಕೆ 1,35,000. ಈ ದಾರಿಯಲ್ಲಿ ಒಂದು ವರ್ಷ ಹೆಚ್ಚು ಹೋಗುತ್ತದೆ. ಆ ವರ್ಷ ತಿಂಗಳಿಗೆ 12,000 ರೂಪಾಯಿಯ ದುಡಿಮೆ ತಪ್ಪಿತೆಂದು ಲೆಕ್ಕ ಹಿಡಿದು 1,44,000 ಕೂಡಿಸಿದರೂ 2,79,000ಕ್ಕೆ ನಿಲ್ಲುತ್ತದೆ. ಅಂತರ 5,31,000 ರೂಪಾಯಿ.

ಈ 5,31,000 ರೂಪಾಯಿಗೆ ಬೆಂಗಳೂರು ಏನು ಕೊಡುತ್ತದೆ? ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಇಂಗ್ಲಿಷ್ ರಂಗಭೂಮಿಯ ಪರಿಚಯ, ರಂಗಶಂಕರದಂಥ ರಂಗಮಂದಿರಗಳಲ್ಲಿ ದೇಶವಿದೇಶದ ನಾಟಕಗಳನ್ನು ನೋಡುವ ಅವಕಾಶ, ಧಾರಾವಾಹಿ ಮತ್ತು ಜಾಹೀರಾತು ಲೋಕದ ನಂಟು ಇವು ನಿಜವಾದ ಲಾಭಗಳೇ. ಅವು ನಿಮಗೆ ಬೇಕೇ, ಅವಕ್ಕೆ ಅಷ್ಟು ಬೆಲೆ ಸರಿಯೇ ಎಂಬುದು ಆಗ ತೀರ್ಮಾನಿಸಬಹುದಾದ ಪ್ರಶ್ನೆಯಾಗುತ್ತದೆ.

ಓಡಾಟದ ಬಾಬ್ತಿನಲ್ಲಿ ಒಂದು ಸ್ಥಳೀಯ ಸೂಕ್ಷ್ಮವಿದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚಿಲ್ಲವೆಂದು ಹಾಳೆಯಲ್ಲಿ ಸೊನ್ನೆ ಬರೆದುಬಿಡುವವರಿದ್ದಾರೆ. ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಅವುಗಳಲ್ಲಿ ಈ ಯೋಜನೆ ಅನ್ವಯಿಸುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ತಾಲೀಮು ಮುಗಿಯುವ ಹೊತ್ತು: ರಾತ್ರಿ ಎಂಟೂವರೆಗೆ ತಾಲೀಮು ಬಿಟ್ಟರೆ ಹಳ್ಳಿಗೆ ಬಸ್ಸೇ ಇರುವುದಿಲ್ಲ. ನಾಟಕದ ಕೋರ್ಸಿನಲ್ಲಿ ವಸತಿ ಅನುಕೂಲವಲ್ಲ, ಪಠ್ಯಕ್ರಮದ್ದೇ ಒಂದು ಭಾಗ.

ಕಲಿಕೆಯ ಗಂಟೆಗಳು

ಖರ್ಚಿನ ಎದುರು ಇಡಬೇಕಾದ ಮೊದಲ ಅಂಕಿ ಸಂಬಳದ್ದಲ್ಲ, ರಂಗದ ಮೇಲೆ ನಿಂತು ಕಲಿಯುವ ಗಂಟೆಗಳದ್ದು. ವಸತಿಸಹಿತ ಶಾಲೆಯಲ್ಲಿ ಬೆಳಗಿನ ವ್ಯಾಯಾಮ, ಧ್ವನಿ ಸಾಧನೆಯಿಂದ ಹಿಡಿದು ಸಂಜೆಯ ತಾಲೀಮಿನವರೆಗೆ ದಿನಕ್ಕೆ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ, ಹತ್ತು ತಿಂಗಳು ಎಂದರೆ 2,000 ಗಂಟೆ. ವಾರಕ್ಕೆ ಎಂಟು ಗಂಟೆ ಪ್ರಾಯೋಗಿಕ ತರಗತಿಯಿರುವ ಪದವಿಯಲ್ಲಿ ವರ್ಷಕ್ಕೆ 32 ವಾರ ಹಿಡಿದರೆ ಮೂರು ವರ್ಷಕ್ಕೆ 768 ಗಂಟೆ. ಇವೂ ಮಾದರಿ ಅಂಕಿಗಳೇ. ನೀವು ಸೇರಬೇಕೆಂದಿರುವ ಕಡೆಯ ವೇಳಾಪಟ್ಟಿಯನ್ನು ಕೇಳಿ ಪಡೆದು ಇದೇ ಗುಣಾಕಾರ ಮಾಡಿದರೆ ಒಂದು ಗಂಟೆಯ ತರಬೇತಿಗೆ ಎಷ್ಟು ರೂಪಾಯಿ ಬಿತ್ತೆಂಬುದು ತಿಳಿಯುತ್ತದೆ. ಪದವಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಅಲ್ಲಿ ಸಿಗುವ ನಾಟಕ ಸಾಹಿತ್ಯದ, ರಂಗ ಇತಿಹಾಸದ ಓದು ಮೂರು ವರ್ಷದ ಅವಧಿಯಲ್ಲಿ ಊರುವ ಹಾಗೆ ಹತ್ತು ತಿಂಗಳಲ್ಲಿ ಊರುವುದಿಲ್ಲ.

ಗಂಟೆಗಳ ಜೊತೆ ಪ್ರದರ್ಶನಗಳನ್ನೂ ಎಣಿಸಬೇಕು. ಕಳೆದ ವರ್ಷ ವಿದ್ಯಾರ್ಥಿಗಳು ಎಷ್ಟು ನಾಟಕ ಮಾಡಿದರು, ಒಂದೊಂದು ಎಷ್ಟು ಪ್ರದರ್ಶನ ಕಂಡಿತು, ಅದನ್ನು ನೋಡಿದವರು ಯಾರು? ಪರೀಕ್ಷಕರ ಎದುರು ಒಮ್ಮೆ ಆಡಿ ಮುಗಿಸಿದ ನಾಟಕಕ್ಕೂ, ದುಡ್ಡು ಕೊಟ್ಟು ಬಂದ ಪ್ರೇಕ್ಷಕರೆದುರು ಹತ್ತು ಸಲ ಆಡಿದ ನಾಟಕಕ್ಕೂ ನಟನ ಮೈಯಲ್ಲಿ ಉಳಿಯುವ ಪಾಠ ಬೇರೆ.

ಫಲವನ್ನು ಅಳೆಯುವುದು

ಅಮೆರಿಕದಲ್ಲಿ ಸರ್ಕಾರವೇ, ತನ್ನ ನೆರವು ಪಡೆದು ಕಾಲೇಜುಗಳ ಒಂದೊಂದು ಕೋರ್ಸಿನಲ್ಲಿ ಓದಿದವರು ಓದು ಮುಗಿಸಿದ ಮೇಲೆ ಎಷ್ಟು ಗಳಿಸುತ್ತಿದ್ದಾರೆ, ಎಷ್ಟು ಸಾಲ ಹೊತ್ತಿದ್ದಾರೆ ಎಂಬುದನ್ನು ಜಾಲತಾಣದಲ್ಲಿ ಪ್ರಕಟಿಸುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಸಂಸ್ಥೆಗಳು ಉದ್ಯೋಗ ಪಡೆದವರ ಮಧ್ಯಮ ವೇತನವನ್ನು ಘೋಷಿಸುವುದುಂಟು. ಆದರೆ ಅದು ವಿಭಾಗವಾರು ಲೆಕ್ಕವಲ್ಲ. ವಾಣಿಜ್ಯ, ಕಂಪ್ಯೂಟರ್ ವಿಭಾಗದವರ ಸಂಬಳದಲ್ಲಿ ನಾಟಕ ವಿಭಾಗದ ಹತ್ತು ಜನ ಕರಗಿಹೋಗಿರುತ್ತಾರೆ. ಆದ್ದರಿಂದ ಖಾಸಗಿ ವಿಶ್ವವಿದ್ಯಾಲಯದವರು ಉದ್ಯೋಗದ ಶೇಕಡಾವಾರು ತೋರಿಸಿದರೆ ಅದು ಯಾವ ವಿಭಾಗದ್ದೆಂದು ಮೊದಲು ಕೇಳಬೇಕು. ಉತ್ತರ ಬಾರದಿದ್ದರೆ ಆ ಅಂಕಿಯನ್ನು ಹಾಳೆಗೆ ಹತ್ತಿಸಬಾರದು.

ಗೋಡೆಯ ಮೇಲಿನ ಪ್ರಸಿದ್ಧರ ಫೋಟೋಗಳೂ ಲೆಕ್ಕಕ್ಕಿಲ್ಲ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಹೆಗ್ಗೋಡಿನಲ್ಲಿ ಕಲಿತವರೆಂಬುದು ನಿಜ, ಹೆಮ್ಮೆಯ ವಿಷಯವೂ ಹೌದು. ಆದರೆ ನಾಲ್ಕು ದಶಕಗಳಲ್ಲಿ ಅಲ್ಲಿಂದ ಹೊರಬಂದವರಲ್ಲಿ ಬಹುಪಾಲು ಜನರ ಜೀವನ ಪೋಸ್ಟರಿನಲ್ಲಿ ಕಾಣುವಂಥದ್ದಲ್ಲ: ಅವರು ಊರಲ್ಲಿ ತಂಡ ಕಟ್ಟಿದವರು, ಶಾಲೆಗಳಲ್ಲಿ ಮಕ್ಕಳ ನಾಟಕ ಮಾಡಿಸುವವರು, ಬೆಳಕು, ರಂಗಸಜ್ಜಿಕೆ, ಪ್ರಸಾಧನ ಹಿಡಿದವರು, ತೋಟ ನೋಡಿಕೊಳ್ಳುತ್ತ ವರ್ಷಕ್ಕೊಂದು ನಾಟಕ ಆಡಿಸುವವರು. ನಿಮ್ಮ ಮಗ ಅಥವಾ ಮಗಳು ಈ ದೊಡ್ಡ ಗುಂಪಿಗೆ ಸೇರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಆ ಬದುಕು ಹೇಗಿದೆಯೆಂಬುದನ್ನೇ ವಿಚಾರಿಸಬೇಕು.

ಅದಕ್ಕೊಂದು ಸರಳ ಕ್ರಮವಿದೆ. ಸಂಸ್ಥೆಯಿಂದ ಐದು ವರ್ಷದ ಹಿಂದಿನ ಒಂದು ತಂಡದ ಹೆಸರುಪಟ್ಟಿ ಕೇಳಿ. ಅವರ ಅಂತಿಮ ನಾಟಕದ ಕರಪತ್ರ ಸಿಕ್ಕರೂ ಸಾಕು, ಪಾತ್ರವರ್ಗದಲ್ಲಿ ಎಲ್ಲ ಹೆಸರೂ ಇರುತ್ತದೆ. ಆ ಹದಿನೈದೋ ಇಪ್ಪತ್ತೋ ಜನರಲ್ಲಿ ಎಷ್ಟು ಮಂದಿ ಇಂದಿಗೂ ರಂಗಕ್ಕೆ ಸಂಬಂಧಿಸಿದ ಕೆಲಸದಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಪಡೆಯುತ್ತಿದ್ದಾರೆ, ಎಷ್ಟು ಮಂದಿ ಬೇರೆ ಕೆಲಸದ ಜೊತೆ ನಾಟಕ ಉಳಿಸಿಕೊಂಡಿದ್ದಾರೆ, ಎಷ್ಟು ಮಂದಿ ಪೂರ್ತಿ ಬಿಟ್ಟಿದ್ದಾರೆ ಎಂಬುದನ್ನು ಮೂರು ಅಂಕಣ ಮಾಡಿ ಬರೆಯಿರಿ. ರಂಗಭೂಮಿ ಸಣ್ಣ ಲೋಕ; ಇಬ್ಬರು ಸಿಕ್ಕರೆ ಉಳಿದವರ ಸುದ್ದಿ ತಾನಾಗಿ ಸಿಗುತ್ತದೆ. ಸೇರಿ ನಡುವೆ ಬಿಟ್ಟವರ ಸಂಖ್ಯೆಯನ್ನು ಬೇರೆಯಾಗಿ ಕೇಳಬೇಕು, ಅದನ್ನು ಯಾವ ಸಂಸ್ಥೆಯೂ ತಾನಾಗಿ ಹೇಳುವುದಿಲ್ಲ.

ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸುವಾಗ ಸಂಬಳ ಎಷ್ಟೆಂದು ನೇರವಾಗಿ ಕೇಳಿದರೆ ಮುಜುಗರವಾಗುತ್ತದೆ. ಉತ್ತರವೂ ಸರಿಯಾಗಿ ಬರುವುದಿಲ್ಲ, ಏಕೆಂದರೆ ಹೆಚ್ಚಿನವರಿಗೆ ಸಂಬಳವೆಂಬುದೇ ಇಲ್ಲ. ಕಳೆದ ವರ್ಷದ ಹನ್ನೆರಡು ತಿಂಗಳಲ್ಲಿ ಯಾವ ತಿಂಗಳು ಯಾವ ಕೆಲಸವಿತ್ತು ಎಂದು ಕೇಳಿ. ಆಗ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಏಪ್ರಿಲ್–ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ, ಕೈತುಂಬ ಕೆಲಸ, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಬಹುತೇಕ ಖಾಲಿ, ಆಗೊಮ್ಮೆ ಈಗೊಮ್ಮೆ ಶಾಲೆಯ ಕಾರ್ಯಾಗಾರ, ದಸರಾ ಹೊತ್ತಿಗೆ ತಾಲೀಮು, ನವೆಂಬರಿನಿಂದ ಮಾರ್ಚ್‌ವರೆಗೆ ಪ್ರದರ್ಶನಗಳು, ಶಾಲಾ ವಾರ್ಷಿಕೋತ್ಸವದ ನಾಟಕಗಳು, ಇಲಾಖೆಗಳ ಬೀದಿನಾಟಕ, ನಡುವೆ ಒಂದೆರಡು ದಿನದ ಧಾರಾವಾಹಿ ಚಿತ್ರೀಕರಣ. ಹೀಗೆ ನಾಲ್ಕೈದು ಜನರ ವರ್ಷಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡರೆ ಎಲ್ಲರಿಗೂ ಖಾಲಿ ಬೀಳುವ ತಿಂಗಳುಗಳು ಯಾವುವೆಂದು ಎದ್ದು ಕಾಣುತ್ತದೆ. ಆ ತಿಂಗಳುಗಳನ್ನು ಯಾವುದರಿಂದ ತುಂಬುತ್ತೀರಿ ಎಂಬ ಪ್ರಶ್ನೆಗೆ ಉತ್ತರವಿರುವ ವಿದ್ಯಾರ್ಥಿ ಧೈರ್ಯವಾಗಿ ಹೊರಡಬಹುದು. ಬೆಳಕಿನ ವಿನ್ಯಾಸ, ಧ್ವನಿ, ಪ್ರಸಾಧನ ಕಲಿತವರ ಪುಟಗಳಲ್ಲಿ ಖಾಲಿ ಜಾಗ ಕಡಿಮೆಯಿರುತ್ತದೆ. ಮದುವೆ ಮಂಟಪಕ್ಕೂ ಸಭೆಗೂ ಬೆಳಕು ಬೇಕಲ್ಲ. ನಟನೆಯೊಂದನ್ನೇ ಕಲಿಸುವ ಕೋರ್ಸಿಗಿಂತ ತಾಂತ್ರಿಕ ಕೆಲಸವನ್ನೂ ಕೈಯಲ್ಲಿ ಮಾಡಿಸುವ ಕೋರ್ಸನ್ನು ನಾನು ಮೇಲೆ ಇಡುವುದು ಈ ಕಾರಣಕ್ಕೆ.

ಸ್ಥಿರವಾದ ಕೆಲಸಗಳ ವಿಷಯ ಬೇಗ ಮುಗಿಯುತ್ತದೆ. ರಂಗಾಯಣಗಳ ರೆಪರ್ಟರಿಯಲ್ಲಿ (ಸಂಬಳದ ನಟತಂಡದಲ್ಲಿ) ಸ್ಥಾನಗಳು ಬೆರಳೆಣಿಕೆಯವು. ಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳು ಇನ್ನೂ ಕಡಿಮೆ, ನೇಮಕಾತಿಯೂ ನಿಯಮಿತವಲ್ಲ. ಕಾಲೇಜು ಅಧ್ಯಾಪಕರಾಗಬೇಕೆಂದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಅದರ ಜೊತೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ನೆಟ್‌ನಂಥ ಅರ್ಹತೆ ಬೇಕು. ಪ್ರದರ್ಶನ ಕಲೆ ನೆಟ್ ಪರೀಕ್ಷೆಯ ಒಂದು ವಿಷಯವಾಗಿದೆ. ಇಲ್ಲಿ ಪ್ರಮಾಣಪತ್ರದ ಬೆಲೆ ಪೂರ್ತಿ ಕಾಣುತ್ತದೆ: ಎಂ.ಪಿ.ಎ. ಇದ್ದವರು ಆ ಬಾಗಿಲು ತಟ್ಟಬಹುದು, ಒಂದು ವರ್ಷದ ಡಿಪ್ಲೊಮಾ ಮಾತ್ರ ಇದ್ದವರು ತಟ್ಟಲಾರರು.

ಹೋಗಿ ನೋಡುವುದು

ಜಾಲತಾಣ ನೋಡಿ ನಾಟಕ ಶಾಲೆ ಆರಿಸುವುದು ಮೂರ್ಖತನ. ವಿದ್ಯಾರ್ಥಿಗಳ ಪ್ರಯೋಗವಿರುವ ದಿನ ಹೋಗಿ, ಸಾಧ್ಯವಾದರೆ ಹಿಂದಿನ ದಿನದ ತಾಲೀಮಿನ ಹೊತ್ತಿಗೇ ತಲುಪಿ. ತಾಲೀಮಿನ ನೆಲ ಹೇಗಿದೆ ನೋಡಿ: ಸಿಮೆಂಟಿನ ಮೇಲೆ ಟೈಲ್ಸ್ ಹಾಸಿದ ಕೋಣೆಯಲ್ಲಿ ಬೀಳುವ, ಏಳುವ, ಉರುಳುವ ಅಭ್ಯಾಸ ಮಾಡಿದ ಮೊಣಕಾಲು ಬೇಗ ಸೋಲುತ್ತದೆ. ಲೈಟಿನ ಏಣಿಯ ಮೇಲೆ ಹತ್ತಿದವರು ಯಾರು? ಬಾಡಿಗೆಗೆ ಬಂದ ತಂತ್ರಜ್ಞ ದೀಪ ಕಟ್ಟುತ್ತಿದ್ದು ವಿದ್ಯಾರ್ಥಿಗಳು ಕೆಳಗೆ ನಿಂತು ನೋಡುತ್ತಿದ್ದರೆ ಆ ಶಾಲೆಯಲ್ಲಿ ಬೆಳಕಿನ ಪಾಠ ಕಾಗದದ ಮೇಲಿದೆ ಎಂದರ್ಥ. ಗ್ರಂಥಾಲಯದಲ್ಲಿ ನಾಟಕದ ಪುಸ್ತಕಗಳ ಹಿಂಬದಿಯ ಚೀಟಿ ತೆಗೆದು ಕೊನೆಯ ಮೊಹರಿನ ತಾರೀಖು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಅಧ್ಯಾಪಕರಲ್ಲಿ ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ವಾರಕ್ಕೊಮ್ಮೆ ಬಂದು ಹೋಗುವವರು, ಕಳೆದ ಎರಡು ವರ್ಷದಲ್ಲಿ ಅವರು ಸ್ವತಃ ನಿರ್ದೇಶಿಸಿದ ನಾಟಕ ಯಾವುದು ಎಂದೂ ಕೇಳಿ. ಹಾಸ್ಟೆಲಿನ ಬೀಗ, ಸ್ನಾನದ ಮನೆ, ದೂರು ಕೊಡಬೇಕಾದರೆ ಯಾರ ಬಳಿ ಹೋಗಬೇಕೆಂಬುದನ್ನು ವಿದ್ಯಾರ್ಥಿನಿಯರನ್ನೇ ಕೇಳಿ ತಿಳಿಯಬೇಕು, ಕಚೇರಿಯನ್ನಲ್ಲ.

ಹೆಗ್ಗೋಡು ಸಾಗರದಿಂದ ಹತ್ತಿರ, ಸಂಜೆ ಹೋಗಿ ಬರಬಹುದು ಎಂಬ ಕಾರಣಕ್ಕೇ ನಮ್ಮ ಕಡೆಯ ಎಷ್ಟೋ ಜನ ಅಲ್ಲಿಗೆ ಹೋಗಿ ವಿಚಾರಿಸುವುದಿಲ್ಲ, ಎಲ್ಲ ಗೊತ್ತಿದೆ ಎಂದುಕೊಂಡಿರುತ್ತಾರೆ. ಮೈಸೂರಿಗೆ ತಾಳಗುಪ್ಪದಿಂದಲೇ ರೈಲಿದೆ. ಅಲ್ಲಿಗೆ ಹೋದ ದಿನ ರಂಗಾಯಣವನ್ನೂ ವಿಶ್ವವಿದ್ಯಾಲಯವನ್ನೂ ಒಟ್ಟಿಗೆ ನೋಡಿ ಬರಬಹುದು.

ಯಾವುದು ಮೊದಲು, ಯಾವುದು ಆಮೇಲೆ

ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಹೇಳುವ ಕ್ರಮ ಇದು: ಮೊದಲು ಸಾಮಾನ್ಯ ಪದವಿ, ಅದರ ಜೊತೆಗೇ ಊರಿನ ಹವ್ಯಾಸಿ ತಂಡದಲ್ಲಿ ದುಡಿಮೆ, ಆಮೇಲೆ ವಸತಿಸಹಿತ ಡಿಪ್ಲೊಮಾ, ಅದೂ ಮುಗಿದ ಮೇಲೆ ಆಸೆ ಇನ್ನೂ ಉಳಿದಿದ್ದರೆ ಎಂ.ಪಿ.ಎ. ಅಥವಾ ದೆಹಲಿ. ರಾಜ್ಯ ಸರ್ಕಾರ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಈ ದಾರಿಗೆ ಮೂರು ವರ್ಷದ ಪದವಿಯ ಲೆಕ್ಕವೇ ಸಾಕು. ಪಿಯುಸಿ ಮುಗಿದ ಕೂಡಲೇ ಒಂದು ವರ್ಷದ ಡಿಪ್ಲೊಮಾಕ್ಕೆ ಸೇರಿ, ನಂತರ ಪದವಿಯನ್ನೇ ಮಾಡದೆ ಉಳಿಯುವುದು ಅತ್ಯಂತ ದುಬಾರಿ ಆಯ್ಕೆ. ಆ ಖರ್ಚು ತಿಳಿಯುವುದು ಮೂವತ್ತು ದಾಟಿದ ಮೇಲೆ, ಪದವಿ ಕೇಳುವ ಪ್ರತಿಯೊಂದು ಅರ್ಜಿಯ ಮುಂದೆ ಕೈಕಟ್ಟಿ ಕೂತಾಗ. ತಡೆಯಲಾಗದ ಹಂಬಲದಿಂದ ಮೊದಲೇ ರಂಗಶಾಲೆ ಸೇರುವವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಹೆಸರು ನೋಂದಾಯಿಸಿಕೊಂಡು ಆ ಬಾಗಿಲನ್ನು ತೆರೆದಿಟ್ಟುಕೊಳ್ಳಬೇಕು.

ಈ ಕ್ರಮಕ್ಕೆ ಒಂದು ಅಪವಾದವಿದೆ. ಇಂಗ್ಲಿಷ್ ರಂಗಭೂಮಿಯಲ್ಲೋ ರಂಗ ಸಂಶೋಧನೆಯಲ್ಲೋ ಮುಂದುವರಿಯುವ ಗಟ್ಟಿ ಉದ್ದೇಶವಿದ್ದು, ಮನೆಯಲ್ಲಿ ಸಾಲವಿಲ್ಲದೆ ಭರಿಸುವ ಶಕ್ತಿಯಿದ್ದರೆ ನಗರದ ಮೂರು ವರ್ಷದ ರಂಗಪದವಿ ಸಮಂಜಸ. ಸಾಲ ಮಾಡಿ ಹೋಗುವುದಾದರೆ ಅಲ್ಲ.

ಸಾಲ, ವಿದ್ಯಾರ್ಥಿವೇತನ, ಶುಲ್ಕ ವಾಪಸಾತಿ

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿವರೆಗಿನ ಶೈಕ್ಷಣಿಕ ಸಾಲಕ್ಕೆ ಆಸ್ತಿ ಅಡವಿಡಬೇಕಾಗಿಲ್ಲ; ಮರುಪಾವತಿ ಕೋರ್ಸು ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ಸುಲಭವಾಗಿ ಸಿಗುತ್ತದೆ ಎಂಬುದೇ ಇಲ್ಲಿನ ಅಪಾಯ. 5 ಲಕ್ಷ ರೂಪಾಯಿ ಸಾಲವನ್ನು ಶೇ. 10 ಬಡ್ಡಿಯಲ್ಲಿ ಹತ್ತು ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 6,600 ರೂಪಾಯಿ. ತಿಂಗಳಿಗೆ ಸರಾಸರಿ 15,000 ಗಳಿಸುವ ರಂಗಕರ್ಮಿಗೆ ಇದು ಗಳಿಕೆಯ ಶೇ. 44. ಮೇಲೆ ಹೇಳಿದ ಖಾಲಿ ತಿಂಗಳುಗಳಲ್ಲಿಯೂ ಕಂತು ನಿಲ್ಲುವುದಿಲ್ಲ. ಕೋರ್ಸು ನಡೆಯುವಾಗ ಬೆಳೆದ ಬಡ್ಡಿ ಈ ಲೆಕ್ಕದಲ್ಲಿ ಸೇರಿಯೂ ಇಲ್ಲ. ಸಾಲದ ಕಂತಿಗೆ ಹೆದರಿ ನಾಟಕ ಬಿಟ್ಟು ಬೇರೆ ಕೆಲಸಕ್ಕೆ ಸೇರಬೇಕಾಗುವುದು, ನಾಟಕ ಕಲಿಯಲೆಂದೇ ಮಾಡಿದ ಸಾಲದ ವಿಚಿತ್ರ ಪರಿಣಾಮ.

ವಿಶ್ವವಿದ್ಯಾಲಯದ ಕೋರ್ಸಿಗೆ ಸೇರಿದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ತಮ್ಮ ವರ್ಗಕ್ಕೆ ತಕ್ಕ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳು ನೆರವು ಸಿಗುತ್ತದೆ. ಸ್ವತಂತ್ರ ರಂಗಶಾಲೆಯ ಡಿಪ್ಲೊಮಾಕ್ಕೆ ಇಂಥವು ಅನ್ವಯಿಸುತ್ತವೆಯೇ ಎಂಬುದನ್ನು ಸೇರುವ ಮೊದಲೇ ಇಲಾಖೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ಮುಂದುವರಿದ ತರಬೇತಿಗಾಗಿ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಎರಡು ವರ್ಷ ಕೊಡುತ್ತದೆ. ರಂಗಭೂಮಿಯೂ ಅದರ ವ್ಯಾಪ್ತಿಯಲ್ಲಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲೇ ಚಾಲನೆ ಪಡೆದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದಾದರೂ ಓದು ಮುಂದುವರಿಸುವವರಿಗೆ ಅದು ಸಲ್ಲುವುದಿಲ್ಲ, ಹಾಗಾಗಿ ಡಿಪ್ಲೊಮಾದ ವರ್ಷಕ್ಕೆ ಅದನ್ನು ಆದಾಯವೆಂದು ಬರೆದುಕೊಳ್ಳಬಾರದು.

ಕೊನೆಯದಾಗಿ, ಎರಡು ಕಡೆ ಆಯ್ಕೆಯಾಗಿ ಒಂದು ಕಡೆ ಹಣ ಕಟ್ಟಿ ಇನ್ನೊಂದನ್ನು ಕಾಯುವ ಸಂದರ್ಭ ನಾಟಕದ ವಿದ್ಯಾರ್ಥಿಗಳಿಗೆ ಮೇಲಿಂದ ಮೇಲೆ ಬರುತ್ತದೆ, ಏಕೆಂದರೆ ರಂಗಶಾಲೆಗಳ ಸಂದರ್ಶನ ಮತ್ತು ವಿಶ್ವವಿದ್ಯಾಲಯಗಳ ಪ್ರವೇಶ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುತ್ತವೆ. ಯುಜಿಸಿ 2018ರಲ್ಲಿ ಹೊರಡಿಸಿದ ಶುಲ್ಕ ವಾಪಸಾತಿ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮೊದಲು ಹಿಂದೆ ಸರಿದರೆ ಸಣ್ಣ ಸಂಸ್ಕರಣಾ ವೆಚ್ಚ ಕಳೆದು ಪೂರ್ತಿ ಶುಲ್ಕ, ಆ ಹದಿನೈದು ದಿನದೊಳಗೆ ಸರಿದರೆ ಶೇ. 90, ಕೊನೆಯ ದಿನ ಕಳೆದು ಹದಿನೈದು ದಿನದವರೆಗೆ ಶೇ. 80, ಅಲ್ಲಿಂದ ಮೂವತ್ತನೆಯ ದಿನದವರೆಗೆ ಶೇ. 50 ಹಿಂದಿರುಗಬೇಕು, ಆಮೇಲೆ ಏನೂ ಬರುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು. ಈ ನಿಯಮ ವಿಶ್ವವಿದ್ಯಾಲಯಗಳಿಗೆ ಮತ್ತು ಅವುಗಳಿಗೆ ಸೇರಿದ ಕಾಲೇಜುಗಳಿಗೆ ಅನ್ವಯಿಸುತ್ತದೆ. ಸ್ವತಂತ್ರ ರಂಗಶಾಲೆಗಳಲ್ಲಿ ಹಣ ಕಟ್ಟುವ ಮೊದಲೇ ವಾಪಸಾತಿಯ ಷರತ್ತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.